ಹಿರಿಯರಿಗೆ ರ‍್ಯಾಪ್ ಯಾಕೆ ಹಿಡಿಸುವುದಿಲ್ಲ?

‘ರ‍್ಯಾಪ್ ಹಾಕಿದರೆ ಅಪ್ಪ ಇದು ಹಾಡೇ ಅಲ್ಲ ಅಂತಾರೆ, ಯಾಕೆ?’ ಎಂದು ಕೇಳಿದ್ದೀರಿ. ಚಿತ್ರದುರ್ಗದ ನಮ್ಮ ಮನೆಯಲ್ಲೂ ಇದೇ ಮಾತು.

ಸುಮಾರು 10ರಿಂದ 25ರ ವಯಸ್ಸಿನೊಳಗೆ ಕೇಳಿದ ಹಾಡುಗಳೇ ನೆನಪಿನಲ್ಲಿ ಗಟ್ಟಿಯಾಗಿ ಕೂರುತ್ತವೆ. ರೇಡಿಯೋ ಕಾಲದ ಅಪ್ಪನ ಕಿವಿ ಮೊದಲು ರಾಗ ಹುಡುಕುತ್ತದೆ. ರ‍್ಯಾಪ್ ನಿಂತಿರುವುದು ಮಾತಿನ ಲಯ ಮತ್ತು ಪ್ರಾಸದ ಮೇಲೆ. ಹುಡುಕಿದ್ದು ಸಿಗದಿದ್ದಾಗ ಅದು ಬರೀ ಗದ್ದಲ ಅನಿಸುತ್ತದೆ. ಜೊತೆಗೆ, ವಯಸ್ಸಾದಂತೆ ಕಿವಿಗೆ ಮೊದಲು ಮಂದವಾಗುವುದು ಮೇಲಿನ ಸ್ವರದ ಸದ್ದುಗಳು. ಸ, ಶ, ತ ಇದ್ದ ವೇಗದ ಸಾಲುಗಳು ನಿಜಕ್ಕೂ ಕಲಸಿಹೋಗುತ್ತವೆ. ಇದನ್ನು ಹಟ ಅನ್ನಬಾರದು.

ಆದರೆ ಮಾತೇ ಹಾಡಾಗುವುದು ನಮಗೆ ಹೊಸದಲ್ಲ. ನಮ್ಮ ಜಿಲ್ಲೆಯ ದನಕುರಿ ಕಾಯುವ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ಊದುತ್ತಾ ತಮ್ಮ ದೈವ ಜುಂಜಪ್ಪನ ಕಥೆ ಹಾಡುತ್ತಾರೆ. ಅಲ್ಲಿ ಕಥೆಯದೇ ಮೇಲುಗೈ, ಧಾಟಿ ಅದನ್ನು ಹೊತ್ತು ನಡೆಯುತ್ತದೆ. ಹಳಗನ್ನಡದ ಕವಿಗಳು ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಕಟ್ಟಿದರು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಶುರುವಾದ, ರ‍್ಯಾಪ್‌ಗೆ ತವರಾದ ಹಿಪ್‌ಹಾಪ್ ಬೇರೆ ಜನರ ಬೇರೆ ಸಂಕಟದ್ದು, ನಿಜ. ಪ್ರಾಸದ ಸುಖ ಮಾತ್ರ ಒಂದೇ.

ಹೆಂಡ, ಬೈಗುಳ ತುಂಬಿದ ಹಾಡುಗಳ ಬಗ್ಗೆ ಅಪ್ಪನ ಸಿಟ್ಟು ಸರಿಯೇ ಅಂತ ನನಗೂ ಅನಿಸುತ್ತದೆ. ಒಳ್ಳೆಯ ಕನ್ನಡ ರ‍್ಯಾಪ್ ಒಂದನ್ನು ಆರಿಸಿ, ಸಾಹಿತ್ಯವನ್ನು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟು ಕೇಳಿಸಿ. ನಮ್ಮಪ್ಪ ಹಾಗೆ ಕೇಳಿದ ದಿನ ಎರಡು ಸಾಲನ್ನು ತಾವೇ ಜೋರಾಗಿ ಓದಿದರು.