ಪಾತ್ರದೊಳಗೆ ಹೋದವರು ಹೊರಗೆ ಬರಬೇಕು: ಡ್ರಾಮಾ ಥೆರಪಿ ವಿದ್ಯಾರ್ಥಿಗಳ ಪ್ರಶ್ನೆಗಳು

ಪ್ರಶ್ನೆ: ಅಭಿನಯ, ಕಥೆಗಳ ಮೂಲಕ ಮನಸ್ಸಿಗೆ ನೆರವಾಗುವ ಡ್ರಾಮಾ ಥೆರಪಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಸಹಪಾಠಿಗಳ ಗುಂಪಿಗೆ 60 ನಿಮಿಷದ ಸೆಷನ್ ನಡೆಸಬೇಕು. ಅಭಿನಯ ಚೆನ್ನಾಗಿಯೇ ನಡೆಯುತ್ತದೆ, ಕೊನೆಗೆ ಮಾತ್ರ ಗಡಿಬಿಡಿ. ಮನೆಗೆ ಹೋದ ಮೇಲೂ ಮನಸ್ಸು ಭಾರವಾಗಿತ್ತು ಎಂದು ಒಬ್ಬರು ಹೇಳಿದರು. ಎಲ್ಲಿ ತಪ್ಪುತ್ತಿದೆ?

ಉತ್ತರ: ನೀವು ಸೆಷನ್ನನ್ನು ನಾಟಕದ ರಿಹರ್ಸಲ್ಲಿನಂತೆ ನಡೆಸುತ್ತಿದ್ದೀರಿ. ರಿಹರ್ಸಲ್ಲಿನಲ್ಲಿ ದೃಶ್ಯ ಕುದುರಿದರೆ ಸಾಕು. ಇಲ್ಲಿ ಆಡಿದವರು ಅದರಿಂದ ಪೂರ್ತಿ ಹೊರಬರುವವರೆಗೂ ಕೆಲಸ ಮುಗಿಯುವುದಿಲ್ಲ. ಸಮಯವನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ: ಕೊನೆಯ 15 ನಿಮಿಷ ಮಾತುಕತೆಗೆ, ಅದಕ್ಕೂ ಮುಂಚಿನ 10 ನಿಮಿಷ ಪಾತ್ರ ಕಳಚುವುದಕ್ಕೆ. ಆರಂಭದಲ್ಲಿ ಕ್ಷೇಮ ಸಮಾಚಾರಕ್ಕೆ 5, ವಾರ್ಮ್-ಅಪ್‌ಗೆ 10 ಹೋದರೆ ಅಭಿನಯಕ್ಕೆ ಉಳಿಯುವುದು 20. ಗಡಿಯಾರ 30ನೇ ನಿಮಿಷ ದಾಟಿದ ಮೇಲೆ ಹೊಸ ದೃಶ್ಯ ಬೇಡ, ಯಾರು ಎಷ್ಟೇ ಉತ್ಸಾಹ ತೋರಿಸಿದರೂ.

‘ಎಲ್ಲರೂ ಕೈಕಾಲು ಕೊಡವಿ’ ಎಂದು ಅರ್ಧ ನಿಮಿಷದಲ್ಲಿ ಮುಗಿಸಿದರೆ ಪಾತ್ರ ಕಳಚಿದಂತಾಗುವುದಿಲ್ಲ. ಆಡುವ ಜಾಗಕ್ಕೆ ನೆಲದ ಮೇಲೆ ಟೇಪಿನಿಂದ ಗಡಿ ಹಾಕಿರಿ. ಶಾಲು, ಕೋಲು, ಟೋಪಿ ಏನಿದ್ದರೂ ಆಡಿದವರೇ ತಮ್ಮ ಕೈಯಾರೆ ಗಡಿಯ ಹೊರಗೆ ಇಟ್ಟುಬರಲಿ. ಆಮೇಲೆ ಒಬ್ಬೊಬ್ಬರಾಗಿ, ಅಪ್ಪನ ಪಾತ್ರ ಆಡಿದವರಾದರೆ ‘ನಾನೀಗ ಆ ಅಪ್ಪ ಅಲ್ಲ’ ಎಂದು ತಮ್ಮ ಹೆಸರು ಹೇಳಿ, ಆ ಪಾತ್ರಕ್ಕೂ ತಮಗೂ ಇರುವ ಒಂದು ವ್ಯತ್ಯಾಸ ಹೇಳಲಿ. ‘ಅಪ್ಪ’ ಕೂತಿದ್ದ ಕುರ್ಚಿಯನ್ನು ಎತ್ತಿ ಬೇರೆ ಕಡೆ ಹಾಕಿ. ಅದು ಅಲ್ಲೇ ಉಳಿದರೆ ಚರ್ಚೆಯಲ್ಲೂ ಎಲ್ಲರ ಕಣ್ಣು ಅದರ ಮೇಲೆಯೇ ಇರುತ್ತದೆ. ಬೇರೊಬ್ಬರ ಕಥೆಯಲ್ಲಿ ಬಯ್ಯುವ, ಹೊಡೆಯುವ ಪಾತ್ರ ವಹಿಸಿದವರನ್ನು ಹೆಚ್ಚಿನವರು ಮರೆತುಬಿಡುತ್ತಾರೆ. ಭಾರ ಹೊತ್ತು ಮನೆಗೆ ಹೋಗುವವರು ಬಹುಪಾಲು ಅವರೇ. ನೋಡುತ್ತ ಕೂತವರಿಗೂ ಒಂದು ಸರದಿ ಕೊಡಿ.

ಅಭಿನಯದ ನಡುವೆಯೂ ದೂರದ ಮೇಲೆ ಕಣ್ಣಿಡಬೇಕು. ಅಮೆರಿಕದ ಡ್ರಾಮಾ ಥೆರಪಿಸ್ಟ್ ರಾಬರ್ಟ್ ಲ್ಯಾಂಡಿ ಹೇಳಿದ್ದು ಇದನ್ನೇ: ಪಾತ್ರಕ್ಕೆ ತೀರಾ ಹತ್ತಿರ ಹೋದರೆ ಭಾವನೆಯಲ್ಲಿ ಮುಳುಗುತ್ತಾರೆ, ತೀರಾ ದೂರ ನಿಂತರೆ ಭಾವನೆ ಮುಟ್ಟುವುದೇ ಇಲ್ಲ. ಉಸಿರು ಬಿಗಿಹಿಡಿಯುವುದು, ಪಾತ್ರದ ಹೆಸರಿನ ಬದಲು ತಮ್ಮ ಮನೆಯವರ ಹೆಸರು ಬಾಯಿಗೆ ಬರುವುದು ಹತ್ತಿರವಾದ ಲಕ್ಷಣ. ಆಗ ದೃಶ್ಯ ನಿಲ್ಲಿಸಿ, ಅವರನ್ನು ಗಡಿಯ ಹೊರಗೆ ಕರೆದು, ‘ಅವಳಿಗೆ ಈಗ ಏನು ಬೇಕಾಗಿದೆ?’ ಎಂದು ಮೂರನೆಯವರ ಬಗ್ಗೆ ಕೇಳುವಂತೆ ಕೇಳಿ. ಅಥವಾ ಕೈಗೆ ಒಂದು ಗೊಂಬೆ ಕೊಟ್ಟು ಅದರಿಂದ ಮಾತಾಡಿಸಿ. ಬರೀ ನಗೆ, ಮಿಮಿಕ್ರಿ ಆಗುತ್ತಿದ್ದರೆ ದೂರ ಹೆಚ್ಚಾಗಿದೆ ಎಂದರ್ಥ. ವೇಗ ತಗ್ಗಿಸಿ, ಅದೇ ಸಾಲನ್ನು ಮತ್ತೊಮ್ಮೆ ನಿಧಾನವಾಗಿ ಹೇಳಿಸಿ. ಸಹಪಾಠಿಗಳು ನಾಳೆಯೂ ಒಟ್ಟಿಗೆ ಓದಬೇಕಾದವರು. ಬದುಕಿನ ಅತಿ ದೊಡ್ಡ ಗಾಯವನ್ನು ಇಲ್ಲಿ ಕೆದಕುವುದು ಬೇಡ. ‘ನಾನು ಇದನ್ನು ಆಡುವುದಿಲ್ಲ’ ಎನ್ನುವ ಹಕ್ಕು ಎಲ್ಲರಿಗೂ ಇದೆ ಎಂದು ಮೊದಲೇ ಹೇಳಿಬಿಡಿ.

ಪ್ರಶ್ನೆ: ಆರು ಚಿತ್ರಗಳ ಕಥೆ ಮಾಡಿಸಿದೆ. ಚಿತ್ರವೇನೋ ಬರೆದರು, ನಾನು ಪ್ರಶ್ನೆ ಕೇಳುತ್ತಿದ್ದಂತೆ ಬಾಯಿ ಮುಚ್ಚಿಕೊಂಡರು.

ಉತ್ತರ: ಇಸ್ರೇಲಿನ ಮನಶ್ಶಾಸ್ತ್ರಜ್ಞ ಮೂಲಿ ಲಹಾದ್ ರೂಪಿಸಿದ ಈ ವಿಧಾನದಲ್ಲಿ ಹಾಳೆಯನ್ನು ಆರು ಭಾಗ ಮಾಡಿ ಕ್ರಮವಾಗಿ ಕಥಾನಾಯಕ, ಅವರ ಮುಂದಿರುವ ಕೆಲಸ, ನೆರವಾಗುವವರು, ಅಡ್ಡಿ, ಅದನ್ನು ಎದುರಿಸಿದ ಬಗೆ, ಆಮೇಲೆ ಏನಾಯಿತು ಎಂಬುದನ್ನು ಬರೆಸುತ್ತೇವೆ. ಒಂದು ಚಿತ್ರ ಮುಗಿದ ಮೇಲಷ್ಟೇ ಮುಂದಿನದ್ದನ್ನು ಹೇಳಿ. ಮಾದರಿ ತೋರಿಸಬೇಡಿ, ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ಕಥೆಯನ್ನು ಒಮ್ಮೆ ಪೂರ್ತಿ, ಅಡ್ಡಬಾಯಿ ಹಾಕದೆ ಕೇಳಿಸಿಕೊಳ್ಳಿ. ಬಾಯಿ ಮುಚ್ಚಿಸುವುದು ‘ಈ ರಾಕ್ಷಸ ಎಂದರೆ ನಿಮ್ಮ ಅಣ್ಣನೇ?’ ಎಂಬಂಥ ಪ್ರಶ್ನೆ. ರಾಕ್ಷಸ ಎಷ್ಟು ದೊಡ್ಡವನು, ಯಾವಾಗ ನಿದ್ದೆ ಮಾಡುತ್ತಾನೆ ಎಂದು ಕಥೆಯೊಳಗೇ ಇದ್ದು ಕೇಳಿ. ತಮ್ಮ ಬದುಕಿಗೆ ಹೊಂದಿಸಿಕೊಳ್ಳುವುದು ಅವರಿಗೆ ಬಿಟ್ಟದ್ದು, ಅದೂ ಅವರಿಗೆ ಬೇಕೆನಿಸಿದಾಗ. ಅಭಿನಯಕ್ಕೆ ತರುವುದಾದರೆ ಮೂರನೆಯ ಚಿತ್ರದಿಂದ ಶುರುಮಾಡಿ. ನೆರವಿನ ಪಾತ್ರ ಆಡಿದವರಿಗೆ ಅಡ್ಡಿಯನ್ನು ಎದುರಿಸಲು ಧೈರ್ಯ ಬಂದಿರುತ್ತದೆ.

ಪ್ರಶ್ನೆ: ಸೂಪರ್‌ವೈಸರ್‌ಗೆ ಕೊಡುವ ಟಿಪ್ಪಣಿಯಲ್ಲಿ ಏನಿರಬೇಕು?

ಉತ್ತರ: ಅದೇ ದಿನ ಬರೆಯಿರಿ, ಹೆಸರಿನ ಬದಲು ಸಂಕೇತ ಬಳಸಿ. ಕಂಡದ್ದು ಒಂದು ಕಡೆ, ನಿಮಗೆ ಅನಿಸಿದ್ದು ಇನ್ನೊಂದು ಕಡೆ. ‘ಕೋಪಿಷ್ಠ’ ಎಂದು ಬರೆದರೆ ಅದು ನಿಮ್ಮ ತೀರ್ಪು, ‘ಎರಡು ಸಲ ಕುರ್ಚಿ ತಳ್ಳಿದರು’ ಎಂದರೆ ಸೂಪರ್‌ವೈಸರ್‌ಗೂ ಯೋಚಿಸಲು ಏನಾದರೂ ಸಿಗುತ್ತದೆ. ಯಾವ ಕ್ಷಣದಲ್ಲಿ ನಿಮಗೇ ದಿಕ್ಕು ತೋಚಲಿಲ್ಲವೋ ಅದನ್ನು ತಪ್ಪದೆ ಸೇರಿಸಿ, ಸೂಪರ್‌ವಿಷನ್ ಇರುವುದೇ ಆ ಕ್ಷಣಕ್ಕಾಗಿ.