ಮುಂದೆ ಮೆಟ್ಟಿಲೇ ಇಲ್ಲ, ಹಿಂದೆ ಯಾಕಿದೆ?

ಪ್ರಶ್ನೆ: ಸರ್, ನಮ್ಮಮ್ಮಂಗೆ 70 ವರ್ಷ, ಎರಡೂ ಮಂಡಿ ನೋವು. ಮಾಮೂಲಿ ಬಸ್ ಹತ್ತಿಸ್ಬೇಕಂದ್ರೆ ನಾನು ಹಿಂದೆ ನಿಂತು ಆಸರೆ ಕೊಡ್ಬೇಕು, ಬಿಎಂಟಿಸಿಯ ವಜ್ರ (ವೋಲ್ವೋ) ಬಸ್ಸಾದ್ರೆ ಮನೆ ಹೊಸ್ತಿಲು ದಾಟಿದ ಹಾಗೆ ಒಳಗೆ ಹೋಗ್ತಾರೆ. ಆದ್ರೆ ಹಿಂದಿನ ಸೀಟಿಗೆ ಮತ್ತೆ ಮೆಟ್ಟಿಲು! ಲೋ ಫ್ಲೋರ್ ಅಂತಾರಲ್ಲ, ಪೂರ್ತಿ ಯಾಕೆ ಹಾಗೆ ಮಾಡಿಲ್ಲ? ಎಲ್ಲಾ ಬಸ್ಸೂ ಹಿಂಗೇ ಮಾಡಕ್ಕಾಗಲ್ವಾ?
– ಓದುಗರು, ಬನಶಂಕರಿ

ಉತ್ತರ: ನೀವು ಹೇಳ್ತಿರೋದು ಲೋ ಫ್ಲೋರ್ ಅಲ್ಲ, ಲೋ ಎಂಟ್ರಿ. 2006ರಲ್ಲಿ ಬಿಎಂಟಿಸಿ ತಂದ ವೋಲ್ವೋ ಬಸ್ಸಿನ ಚಾಸಿ, ಅಂದ್ರೆ ತಳದ ಚೌಕಟ್ಟಿನ ಹೆಸರಲ್ಲೇ ಅದಿದೆ, ಬಿ7ಆರ್‌ಎಲ್‌ಇ. 7 ಅಂದ್ರೆ 7 ಲೀಟರ್ ಇಂಜಿನ್, ಆರ್ ಅಂದ್ರೆ ಇಂಜಿನ್ ಹಿಂದೆ, ಎಲ್‌ಇ ಅಂದ್ರೆ ಲೋ ಎಂಟ್ರಿ. ಮುಂಬಾಗಿಲಿಂದ ನಡುಬಾಗಿಲವರೆಗೆ ನೆಲ ತಗ್ಗು, ಆಮೇಲೆ ಎತ್ತರ.

ಮಾಮೂಲಿ ಬಸ್ಸನ್ನ ಕಟ್ತಾ ಇದ್ದಿದ್ದು ಹೆಚ್ಚಾಗಿ ಲಾರಿ ಥರದ ಚಾಸಿ ಮೇಲೆ, ಇಂಜಿನ್ ಮುಂದೆ, ಗಾಲಿ ತಿರುಗಿಸೋ ಆಕ್ಸಲ್ ಹಿಂದೆ, ಎರಡನ್ನೂ ಸೇರಿಸೋ ಉದ್ದನೆ ಪ್ರೊಪೆಲ್ಲರ್ ಶಾಫ್ಟ್ ನಿಮ್ಮ ಕಾಲ ಕೆಳಗೇ ಹೋಗುತ್ತೆ, ಹಂಗಾಗಿ ನೆಲ 900 ಮಿಮೀ ಆಸುಪಾಸು ಎತ್ತರ ಇರ್ಲೇಬೇಕು. ಇಂಜಿನ್ ಹಿಂದಕ್ಕೆ ಹೋದ್ರೆ ಆ ಶಾಫ್ಟ್ ಮುಂದಿನ ಭಾಗದಲ್ಲಿ ಇರೋದೇ ಇಲ್ಲ, ನೆಲನ 400 ಮಿಮೀ ಹತ್ರಕ್ಕೆ ಇಳಿಸಬಹುದು. ಆದ್ರೆ ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲ ಎಲ್ಲಾದ್ರೂ ಕೂರ್ಬೇಕಲ್ಲ, ನಿಮ್ಮಮ್ಮ ನೋಡಿದ ಮೆಟ್ಟಿಲು ಅದ್ರ ಮೇಲಕ್ಕೆ ಹತ್ತೋಕೆ.

ಪೂರ್ತಿ ತಗ್ಗು ಬೇಕಂದ್ರೆ ಹಿಂದೆ ನಡುವಲ್ಲಿ ಕೆಳಕ್ಕೆ ಬಾಗಿರೋ ಪೋರ್ಟಲ್ ಆಕ್ಸಲ್ ಹಾಕ್ಬೇಕು, ಇಂಜಿನ್ನನ್ನ ಮೂಲೆಗೆ ಸರಿಸ್ಬೇಕು, ದುಬಾರಿ. ಹಿಂದೆ ಸೀಟು ಜೋಡಿಸೋದೂ ಕಷ್ಟ. ಲೋ ಎಂಟ್ರಿಯಲ್ಲಿ ಸಾಮಾನ್ಯ ಆಕ್ಸಲ್ ಸಾಕು, ಮುಂದೆ ಅಜ್ಜಿ, ಗರ್ಭಿಣಿ, ವೀಲ್‌ಚೇರ್ ಎಲ್ರಿಗೂ ಜಾಗ, ಹಿಂದೆ ಕಾಲು ಗಟ್ಟಿ ಇರೋರು. ನಮ್ಮೂರಿಗೆ ಇದೇ ಸರಿ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ. ಈಗ ಬ್ಯಾಟರಿ ಬಸ್ಸಲ್ಲಿ ದೊಡ್ಡ ಇಂಜಿನ್ನೇ ಇರಲ್ಲ, ತಗ್ಗು ನೆಲದ್ದನ್ನೇ ತರಿಸ್ಕೊಳ್ಳೋದು ಇನ್ನೂ ಸುಲಭ.

ಆದ್ರೆ ಬಸ್ ಒಂದೇ ಸಾಲದು. ಮೊನ್ನೆ ಒಂದು ಸ್ಟಾಪಲ್ಲಿ ನೋಡ್ದೆ, ಬಸ್ಸೇನೋ ತಗ್ಗಿನದೇ, ಆದ್ರೆ ಮುಂದೆ ಆಟೋ ನಿಂತಿತ್ತು ಅಂತ ಡ್ರೈವರ್ ಫುಟ್‌ಪಾತಿಂದ ನಾಲ್ಕಡಿ ದೂರ ನಿಲ್ಲಿಸಿದ್ರು. ಒಬ್ರು ಅಜ್ಜಿ ಫುಟ್‌ಪಾತಿಂದ ರಸ್ತೆಗಿಳಿದು, ಚರಂಡಿ ಜಾಲರಿ ದಾಟಿ, ಕಂಬಿ ಹಿಡ್ಕೊಂಡು ಮತ್ತೆ ಮೇಲೆ ಹತ್ತಿದ್ರು, ಕೈ ನಡುಗ್ತಿತ್ತು. 150 ಮಿಮೀ ಎತ್ತರದ ಫುಟ್‌ಪಾತಿಗೆ ಒತ್ತಿ ನಿಲ್ಲಿಸಿದ್ರೆ ಹತ್ತೋ ಎತ್ತರ 250 ಮಿಮೀ, ಒಂದು ಗೇಣಿಗಿಂತ ಚೂರು ಜಾಸ್ತಿ ಅಷ್ಟೇ. ಬಸ್ಸಲ್ಲಿ ನೀಲಿಂಗ್ ಇದ್ರೆ ಇನ್ನೂ ಇಳಿಯುತ್ತೆ, ಡ್ರೈವರ್ ಬಟನ್ ಒತ್ತಿದ್ರೆ ಏರ್ ಸಸ್ಪೆನ್ಷನ್ ಗಾಳಿ ಪುಸ್ ಅಂತ ಬಿಟ್ಟು ಆ ಪಕ್ಕ ಬಾಗುತ್ತೆ. ಕೇಳೋಕೆ ಸಂಕೋಚ ಬೇಡ.

ಅಮ್ಮನ್ನ ನಡುಬಾಗಿಲ ಮುಂದಿನ ಸೀಟಲ್ಲೇ ಕೂರಿಸಿ, ಯಾರಾದ್ರೂ ಇದ್ರೆ ಎಬ್ಬಿಸಿಕೊಡೋಕೆ ಕಂಡಕ್ಟರಿಗೆ ಹೇಳಿ. ಹಿಂದೆ ಮೆಟ್ಟಿಲ ಮೇಲಿದ್ದಾಗ ಬ್ರೇಕ್ ಬಿದ್ರೆ ಗಟ್ಟಿ ಕಾಲಿನೋರೂ ಮುಗ್ಗರಿಸ್ತಾರೆ, ಅಲ್ಲಿ ಸೀಟ್ ಖಾಲಿ ಇದ್ರೂ ಬೇಡ.