ತೋಟಕ್ಕೆ ಔಷಧಿ ಹೊಡೆಯುವವರ ಪ್ರಶ್ನೆಗಳು

ಪ್ರಶ್ನೆ: ಸಮುದಾಯ ತೋಟವೊಂದನ್ನು ನಾವು ಎಂಟು ಸ್ವಯಂಸೇವಕರು ನೋಡಿಕೊಳ್ಳುತ್ತೇವೆ. ಕೀಟನಾಶಕವನ್ನು ಬಾಟಲಿಯ ಮುಚ್ಚಳದಲ್ಲೇ ಅಳೆದು ಹಾಕುತ್ತೇವೆ. ಒಂದು ಸಾಲಿನ ಗಿಡಗಳ ಎಲೆ ಸುಟ್ಟವು, ಪಕ್ಕದ ಸಾಲಿನಲ್ಲಿ ಹುಳ ಸಾಯಲೇ ಇಲ್ಲ. ತಪ್ಪೆಲ್ಲಿ?

ಉತ್ತರ: ಮೊದಲ ತಪ್ಪು ಮುಚ್ಚಳದ್ದೇ. ಒಂದು ಬಾಟಲಿಯ ಮುಚ್ಚಳ 5 ಮಿ.ಲೀ. ಹಿಡಿದರೆ ಇನ್ನೊಂದರದ್ದು 20 ಹಿಡಿದೀತು. ಗೆರೆ ಹಾಕಿದ ಅಳತೆ ಲೋಟ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಅದು ಅಡುಗೆಮನೆಯ ಹೊಸಿಲು ದಾಟಿ ಒಳಗೆ ಬರಬಾರದು.

ಆಮೇಲೆ ಬರೀ ನೀರು ಹೊಡೆದು ನೋಡಿ. 10 ಚದರ ಮೀಟರ್ ಪಾತಿಗೆ 1 ಲೀಟರ್ ಖರ್ಚಾದರೆ 60 ಚದರ ಮೀಟರಿಗೆ 6 ಲೀಟರ್ ಬೇಕು. ಲೇಬಲ್ಲಿನಲ್ಲಿ ಲೀಟರಿಗೆ 2 ಮಿ.ಲೀ. ಎಂದಿದ್ದರೆ ಹಾಕಬೇಕಾದ್ದು 12 ಮಿ.ಲೀ., ಅಷ್ಟೇ. ಕ್ಯಾನಿಗೆ ಅರ್ಧ ನೀರು ತುಂಬಿ, ಔಷಧಿ ಹಾಕಿ ಕಲಕಿ, ಮಿಕ್ಕ ನೀರು ಸೇರಿಸಿ. ಪುಡಿಯಾದರೆ ಮೊದಲು ಒಂದು ಮಗ್ಗಿನಲ್ಲಿ ಗಂಜಿಯ ಹದಕ್ಕೆ ಕಲಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಗಂಟುಗಟ್ಟಿ ತಳಕ್ಕೆ ಕೂರುತ್ತದೆ. ಆಗ ಕೆಲವು ಗಿಡಕ್ಕೆ ಗಟ್ಟಿ ಔಷಧಿ ಬೀಳುತ್ತದೆ, ಕೆಲವಕ್ಕೆ ಹೆಚ್ಚುಕಡಿಮೆ ಬರೀ ನೀರು. ನೀವು ಹೇಳಿದ ಎರಡೂ ತೊಂದರೆ ಹೀಗೆ ಒಂದೇ ಕ್ಯಾನಿನಿಂದ ಹುಟ್ಟಬಹುದು. ಹೊಡೆಯುವಾಗಲೂ ಆಗಾಗ ಕ್ಯಾನ್ ಅಲುಗಾಡಿಸಿ. ನಾಝಲ್ (ಔಷಧಿ ಚಿಮ್ಮುವ ಮೂತಿ) ಕಟ್ಟಿಕೊಂಡರೆ ಬಾಯಿಂದ ಊದಲೇಬೇಡಿ. ನೀರಿನಲ್ಲಿ ಅದ್ದಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ.

ಹುಳ ಸಾಯಲಿಲ್ಲವೆಂದು ಪ್ರಮಾಣ ಏರಿಸಬೇಡಿ. ಒಂದೆರಡು ಎಲೆ ಮಗುಚಿ ನೋಡಿ. ಬಿಳಿನೊಣ, ಸಸ್ಯಹೇನುಗಳ ಬೀಡು ಎಲೆಯ ಅಡಿಯಲ್ಲಿರುತ್ತದೆ, ನಾವು ಹೊಡೆಯುವುದು ಮೇಲೆ. ಗಂಧಕದ ಔಷಧಿಯಾದರೆ 32 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಲಲ್ಲಿ ಸರಿಯಾದ ಅಳತೆಯೂ ಎಲೆ ಸುಡುತ್ತದೆ. ಗಾಳಿ ತಗ್ಗಿದ ಸಂಜೆ ಹೊಡೆಯಿರಿ. ಜೇನು ಗೂಡು ಸೇರಿರುತ್ತದೆ. ಅರಳಿದ ಹೂವಿಗೆ ಸಂಜೆಯೂ ಬೇಡ.

ಇನ್ನೊಂದು ಮಾತು. ನಾವೆಲ್ಲ ಇದನ್ನು ‘ಔಷಧಿ’ ಎನ್ನುತ್ತೇವೆ, ಆ ಹೆಸರೇ ಎಚ್ಚರ ತಪ್ಪಿಸುತ್ತದೆ. ಹೊಡೆಯುವಾಗ ಕೈಗವಸು ಹಾಕುವವರೂ ಅಳೆಯುವಾಗ ಬರಿಗೈಯಲ್ಲಿರುತ್ತಾರೆ. ನೀರು ಬೆರೆಸದ ವಿಷ ಕೈಗೆ ತಾಗುವುದು ಆಗಲೇ. ಬಾಟಲಿ ತೆರೆಯುವ ಮೊದಲೇ ನೈಟ್ರೈಲ್ (ಕೃತಕ ರಬ್ಬರ್) ಕೈಗವಸು, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ ಇರಲಿ. ಬಟ್ಟೆಯ ಕೈಗವಸು ವಿಷವನ್ನು ಹೀರಿ ಚರ್ಮಕ್ಕೆ ಅಂಟಿಸಿಡುತ್ತದೆ.

ಪ್ರಶ್ನೆ: ಕಲಸಿ ಮಿಕ್ಕಿದ್ದನ್ನು ಮುಂದಿನ ವಾರಕ್ಕೆ ಇಡಬಹುದೇ? ಖಾಲಿ ಬಾಟಲಿ?

ಉತ್ತರ: ಇಡಬೇಡಿ. ಹಲವು ಕೀಟನಾಶಕಗಳು ಕ್ಷಾರದ ನೀರಿನಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತವೆ. ಲೇಬಲ್ ಒಪ್ಪುವ ಬೆಳೆಯಲ್ಲೇ, ಇನ್ನೂ ಹೊಡೆಯದ ಗಿಡಗಳಿಗೆ ಮುಗಿಸಿ; ಚರಂಡಿಗೆ ಸುರಿಯಬೇಡಿ. ಬಾಟಲಿಯನ್ನು ಔಷಧಿ ಕಲಸುವಾಗಲೇ ತೊಳೆಯಿರಿ: ಕಾಲುಭಾಗ ನೀರು ಹಾಕಿ 30 ಸೆಕೆಂಡು ಕುಲುಕಿ, ಆ ನೀರನ್ನು ಕ್ಯಾನಿಗೇ ಬಗ್ಗಿಸಿ. ಹೀಗೆ ಮೂರು ಸಲ. ಬಳಿಕ ತೂತು ಹೊಡೆದು, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಉಳಿದ ಔಷಧಿಯನ್ನು ನೀರಿನ ಅಥವಾ ಜ್ಯೂಸಿನ ಬಾಟಲಿಗೆ ಎಂದೂ ತುಂಬಬೇಡಿ. ಮಕ್ಕಳು ಕುಡಿಯುವುದು ಹಾಗೆಯೇ.

ಪ್ರಶ್ನೆ: ಕಳೆನಾಶಕಕ್ಕೂ ಅದೇ ಕ್ಯಾನ್ ಸಾಕೇ?

ಉತ್ತರ: ಸಾಲದು, ಬೇರೆಯೇ ಬೇಕು. 2,4-ಡಿ ಕಳೆನಾಶಕ ರಬ್ಬರ್ ಪೈಪಿನಲ್ಲಿ ಚೂರು ಉಳಿದರೂ ಟೊಮೆಟೊ ಎಲೆ ಮುರುಟುತ್ತದೆ. ಕ್ಯಾನಿನ ಮೇಲೆ ‘ಕಳೆನಾಶಕ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ.

ಪ್ರಶ್ನೆ: ಕಣ್ಣಿಗೆ ಸಿಡಿದರೆ?

ಉತ್ತರ: ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ನುಂಗಿದ್ದರೆ ಬಲವಂತದಿಂದ ವಾಂತಿ ಮಾಡಿಸಬೇಡಿ. ಆಸ್ಪತ್ರೆಗೆ ಓಡುವಾಗ ಲೇಬಲ್ ಸಮೇತ ಬಾಟಲಿ ಒಯ್ಯಿರಿ. ಯಾವ ವಿಷ ಎಂದು ತಿಳಿದರೆ ತಾನೆ ವೈದ್ಯರು ತಕ್ಕ ಚಿಕಿತ್ಸೆ ಕೊಡುವುದು.